ಹೆಸರಿನ ಜಾಗದ ಚುಕ್ಕಿಗಳು

"ವಾಟ್ ಈಸ್ ಯುವರ್ ಫಾದರ್ಸ್ ನೇಮ್?" ಎಂದು ಹೆಡ್ ಮೇಡಂ ಕೇಳಿದರು. ಚೇತನಾ "ಮೈ ಫಾದರ್ಸ್ ನೇಮ್ ಈಸ್" ಎಂದು ಅಚ್ಚುಕಟ್ಟಾಗಿ ಹೇಳಿ, ಅಲ್ಲಿಗೆ ನಿಲ್ಲಿಸಿ, ಗದ್ದ ಎತ್ತಿ ಬಲಗಡೆಗೆ ತೋರಿಸಿದಳು. ಬಲಗಡೆಗೆ ಇದ್ದದ್ದು ಕಬ್ಬಿಣದ ಕಪಾಟು. ಮೇಡಂ ಕಪಾಟಿನತ್ತ ನೋಡಿದರು. ಪಕ್ಕದ ಮೇಜಿನಲ್ಲಿ ಅರ್ಜಿಗಳನ್ನು ಜೋಡಿಸುತ್ತಿದ್ದ ಗುಮಾಸ್ತ ಮಲೀಕಸಾಬ ತಲೆ ಎತ್ತಿ ಅವನೂ ಕಪಾಟು ನೋಡಿದ. ಮಗಳ ಹಿಂದೆ ಕುರ್ಚಿಯ ತುದಿಯಲ್ಲಿ ಕೂತಿದ್ದ ಮುತ್ತವ್ವ ಕೂಡ ನೋಡಿದಳು. ಕಪಾಟಿನ ಮೇಲೆ ಒಂದು ಗ್ಲೋಬು, ಧೂಳು ಹಿಡಿದ ಎರಡು ಬಹುಮಾನದ ಕಪ್ಪು, ಹಗ್ಗ ಕಟ್ಟಿದ ಹಳೆಯ ಕಾಗದದ ಗಂಟು. ಅವುಗಳಲ್ಲಿ ಯಾವುದೂ ಹುಡುಗಿಯ ಅಪ್ಪನಾಗಲು ಸಾಧ್ಯವಿರಲಿಲ್ಲ. ಮೇಡಂ ಇನ್ನೊಮ್ಮೆ ನಿಧಾನವಾಗಿ ಕೇಳಿದರು. ಚೇತನಾ ಇನ್ನೊಮ್ಮೆ ಅಷ್ಟೇ ನಿಧಾನವಾಗಿ ಹೇಳಿದಳು, ಅಷ್ಟಕ್ಕೇ ನಿಂತಳು, ಗದ್ದ ಎತ್ತಿದಳು. ತಪ್ಪು ಹೇಳಿದೆನೆಂಬ ಅಳುಕು ಅವಳ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ. ತನ್ನ ಹೆಸರು ಹೇಳಿದ್ದಳು, ಆರು ಹಣ್ಣು, ಐದು ಬಣ್ಣ, ಒಂದರಿಂದ ಇಪ್ಪತ್ತು, ಎಲ್ಲ ಹೇಳಿದ್ದಳು. ಇದನ್ನೂ ಹೇಳಿದ್ದೇನೆ ಎಂದೇ ಅವಳ ಲೆಕ್ಕ.

ಎಲ್ಲಿ ತಪ್ಪಿತು ಎಂಬುದು ಮುತ್ತವ್ವನಿಗೆ ಕೂತಲ್ಲೇ ಹೊಳೆಯಿತು. ಓಣಿಯಲ್ಲಿ ಪಿಯುಸಿ ಓದುವ ಮಹಾದೇವಿ ಪ್ರಶ್ನೆ ಉತ್ತರಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಒಂದು ನೋಟುಬುಕ್ಕಿಗೆ ಬರೆದುಕೊಟ್ಟಿದ್ದಳು. ತಾಯಿಯ ಹೆಸರಿನ ಮುಂದೆ ಮುತ್ತವ್ವ ಅಂತ ಬರೆದು, ತಂದೆಯ ಹೆಸರಿನ ಮುಂದೆ ನಾಲ್ಕು ಚುಕ್ಕಿ ಇಟ್ಟಿದ್ದಳು. "ಅಣ್ಣಾರ ಹೆಸರ ನಂಗ ಗೊತ್ತಿಲ್ರೀ ವೈನಿ, ನೀವ ತುಂಬ್ಕೋರಿ" ಅಂದಿದ್ದಳು. ಮುತ್ತವ್ವ ಏಳನೆಯ ಇಯತ್ತೆ ಪಾಸಾದವಳು, ಓದಲು ಬರೆಯಲು ಚೆನ್ನಾಗಿಯೇ ಬರುತ್ತದೆ. ಆದರೂ ತುಂಬಲಿಲ್ಲ. ಎರಡು ತಿಂಗಳು ಮುಂಜಾನೆ ರೊಟ್ಟಿ ಬಡಿಯುತ್ತ, ಮಗಳ ತಲೆ ಹಿಕ್ಕುತ್ತ, ಸಂಜೆ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಆ ಉತ್ತರಗಳನ್ನು ಬಾಯಿಪಾಠ ಮಾಡಿಸಿದಳು. ಚುಕ್ಕಿಗಳು ಬಂದಾಗ ಅವಳ ಮಾತು ನಿಲ್ಲುತ್ತಿತ್ತು, ಗದ್ದ ತಾನಾಗಿಯೇ ಬಲಗಡೆಯ ಪಡಸಾಲೆಯತ್ತ ಏಳುತ್ತಿತ್ತು. ಅಲ್ಲಿ ಕುಣಿಮಗ್ಗದ ಗುಂಡಿಯಲ್ಲಿ ಗಂಡ ಕಾಲಿಳಿಬಿಟ್ಟು ನೇಯುತ್ತ ಇರುತ್ತಿದ್ದ. ಒಂಬತ್ತು ವರ್ಷದಿಂದ ಅವನನ್ನು ಲೋಕಕ್ಕೆ ಅವಳು ತೋರಿಸುತ್ತ ಬಂದದ್ದೇ ಹಾಗೆ. ಮಗಳು ಅದನ್ನೂ ಇಂಗ್ಲಿಷ್ ಅಂದುಕೊಂಡು ಕಲಿತಿದ್ದಳು.

"ನೋಡಿ ಅಮ್ಮ" ಎಂದರು ಮೇಡಂ. ಅವರು ಮಂಗಳೂರಿನ ಕಡೆಯವರು, ಅವರ ಕನ್ನಡ ಪಠ್ಯಪುಸ್ತಕದಿಂದ ಎದ್ದು ಬಂದ ಹಾಗೆ ಇರುತ್ತಿತ್ತು. "ಅರ್ಜಿಯಲ್ಲಿ ಹೆಸರು ಇದೆ. ಆದರೆ ಆರು ವರ್ಷದ ಮಗುವಿಗೆ ತಂದೆಯ ಹೆಸರೇ ಗೊತ್ತಿಲ್ಲ ಅಂದರೆ ನಾವು ಏನೆಂದು ತಿಳಿದುಕೊಳ್ಳಬೇಕು? ತಂದೆ ನಿಮ್ಮ ಜೊತೆಯಲ್ಲೇ ಇದ್ದಾರೆ ತಾನೆ?"

"ಅದಾರ್ರಿ" ಎಂದಳು ಮುತ್ತವ್ವ. "ಮನ್ಯಾಗ ಅದಾರ್ರಿ. ಮಗ್ಗದಾಗ. ಇವತ್ತ ಸೀರಿ ಇಳಸಬೇಕಿತ್ರಿ, ಅದಕ್ಕ ಬಂದಿಲ್ರಿ."

"ಸರಿ. ಹೊರಗೆ ಕೂತು ಅವಳಿಗೆ ಹೇಳಿಕೊಡಿ. ಎಲ್ಲರದೂ ಮುಗಿದ ಮೇಲೆ ಮತ್ತೆ ಕರೆಯುತ್ತೇನೆ. ಒಂದನೆಯ ತರಗತಿಗೆ ಉಳಿದಿರುವುದು ಎರಡೇ ಸೀಟು. ಇವತ್ತು ಹೇಳದಿದ್ದರೆ ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಎಂದರೆ ಏನೆಂದು ಮುತ್ತವ್ವನಿಗೆ ಗೊತ್ತು. ಮುಂದಿನ ವರ್ಷ ಎಂಬುದು ಇರುವುದಿಲ್ಲ. ಈ ಶಾಲೆ ಹುನಗುಂದ ರಸ್ತೆಯಲ್ಲಿ ಶುರುವಾಗಿ ಎರಡು ವರ್ಷವಾಗಿತ್ತು, ಮನೆಯಲ್ಲಿ ಇದಕ್ಕಾಗಿ ಅತ್ತೆ ಚಂದವ್ವನ ಜೊತೆ ಒಂದು ಬೇಸಿಗೆ ಪೂರ್ತಿ ಮಾತಿಗೆ ಮಾತು ಆಗಿತ್ತು. ಹೆಣ್ಣು ಹುಡುಗಿಗೆ ಯಾತರ ಇಂಗ್ಲಿಷು, ಅಂಗಳದ ಮುಂದೆಯೇ ಕನ್ನಡ ಸಾಲಿ ಐತಿ, ಸಾಲಿ ಬಿಟ್ಟು ಬಂದು ನಾಲ್ಕು ಕಂಡಿಕೆ ಸುತ್ತಲಿ ಅಂತ ಮುದುಕಿ ಪಟ್ಟು ಹಿಡಿದಿದ್ದಳು. ಮುತ್ತವ್ವ ಆರನೆಯ ವರ್ಷಕ್ಕೆ ರಾಟಿಯ ಮುಂದೆ ಕೂತವಳು. ಶಾಲೆಗೆ ಹೋಗಿಬಂದೂ ಕೂತಳು, ಹೋಗದಾದ ಮೇಲೂ ಕೂತಳು, ಮದುವೆಯಾಗಿ ಬಂದು ಇಲ್ಲಿಯೂ ಕೂತಳು. ಬಲಗೈ ತಿರುಗಿಸುವುದು, ಎಡಗೈ ನೂಲು ಹಿಡಿಯುವುದು, ಇಷ್ಟು ಬಿಟ್ಟು ಕೈಗಳಿಗೆ ಬೇರೆ ಬುದ್ಧಿಯೇ ಬರಲಿಲ್ಲ ಎಂದು ಅವಳಿಗೆ ಸಿಟ್ಟಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಕೊನೆಗೆ ಅವನೇ ಮಗ್ಗ ನಿಲ್ಲಿಸಿ, "ಒಂದ ಸಲ ಪರೀಕ್ಷಾ ಕೊಡ್ಲಿ ಬೇ ಯವ್ವಾ. ಪಾಸಾದ್ರ ಹೋಗ್ಲಿ, ಇಲ್ಲಂದ್ರ ಇಲ್ಲೇ ಕುಂದ್ರಲಿ" ಅಂದಿದ್ದ. ಅವನು ಆಡಿದ ಮಾತು ಅಷ್ಟೇ, ಮನೆಯಲ್ಲಿ ಅದು ತೀರ್ಪಾಗಿ ಹೋಗಿತ್ತು.

ಹೊರಗೆ ಶಾಲೆಯ ಪಡಸಾಲೆಯ ಕಲ್ಲಿನ ಬೆಂಚಿನ ಮೇಲೆ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಜೂನಿನ ಬಿಸಿಲು ಅಂಗಳದ ಕೆಂಪು ಹಾಸುಗಲ್ಲಿನ ಮೇಲೆ ಬಿದ್ದು ಕಣ್ಣು ಚುಚ್ಚುತ್ತಿತ್ತು. ಒಂದೇ ಒಂದು ಶಬ್ದ. ಬಾಯಿ ತೆರೆದು ಅಂದುಬಿಟ್ಟರೆ ಮುಗಿಯಿತು, ಇದರಲ್ಲೇನಿದೆ ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಟಿವಿಯ ಧಾರಾವಾಹಿಗಳಲ್ಲಿ ಹೆಂಡಂದಿರು ಗಂಡಂದಿರನ್ನು ಹೆಸರು ಹಿಡಿದು ಹನ್ನೆರಡು ಸಲ ಕೂಗುತ್ತಾರೆ, ಆ ಗಂಡಂದಿರೇನೂ ಸಾಯುವುದಿಲ್ಲ, ಸತ್ತರೂ ಮರುವಾರ ಎದ್ದು ಬರುತ್ತಾರೆ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಮ್ಮಿಯಾಗುತ್ತದೆಂದು ಅವಳು ನಂಬಿದ್ದಳು ಎಂದರೆ ಅದು ಸುಳ್ಳು. ನಂಬಿರಲಿಲ್ಲ ಎಂದರೂ ಸುಳ್ಳೇ. ಬರೀ ಅಂಜಿಕೆಯಾಗಿದ್ದರೆ ಒಂದು ತೆಂಗಿನಕಾಯಿ ಒಡೆಸಿ ದಾಟಿಬಿಡಬಹುದಿತ್ತು. ಆದರೆ ಯಾರೂ ಇಲ್ಲದಾಗ, ರಾಟಿ ತಿರುಗುವ ಸದ್ದಿನ ಕೆಳಗೆ, ಆ ಹೆಸರನ್ನು ಅವಳು ಮನಸ್ಸಿನಲ್ಲೇ ಎಷ್ಟು ಸಲ ಅಂದುಕೊಂಡಿದ್ದಳು! ಮನೆಯಲ್ಲಿ ಅವನನ್ನು ಹೆಸರಿನಿಂದ ಕರೆಯುವವರು ಯಾರೂ ಇರಲಿಲ್ಲ. ತಾಯಿಗೆ ಅವನು ತಮ್ಮಾ, ನೂಲು ಕೊಡುವ ಸಾಹುಕಾರನಿಗೆ ಯಂಕಪ್ಪನ ಮಗ, ಮಗಳಿಗೆ ಅಪ್ಪ. ಇಡೀ ಊರಿನಲ್ಲಿ ಅವನ ಪಾಲಿನ ಆ ಹೆಸರು ಬಳಸದೆ ಬಿದ್ದಿತ್ತು, ಅದನ್ನು ಎತ್ತಿಟ್ಟುಕೊಂಡವಳು ತಾನೊಬ್ಬಳೇ ಎಂಬ ಗುಟ್ಟಿನ ಸುಖ ಅವಳಿಗಿತ್ತು. ಅದನ್ನು ಅವನಿಗೂ ಹೇಳಿರಲಿಲ್ಲ.

ಆ ಸುಖದ ಬೆನ್ನಿಗೇ ಹೋದ ಬೇಸಿಗೆಯ ನಾಯಿ ನೆನಪಾಯಿತು. ಅವನ ಹೆಸರಿನ ಮೊದಲ ಅಕ್ಷರಗಳೇ ಅಂಥವು, ದಿನಕ್ಕೆ ನಾಲ್ಕು ಸಲ ಬಾಯಿಗೆ ಬರುವ ಶಬ್ದ. ಅದನ್ನೂ ಅವಳು ಬಿಟ್ಟುಬಿಟ್ಟಿದ್ದಳು. ತಲೆ ಸರಿಯಿಲ್ಲದವರನ್ನು ತಲಿಕೆಟ್ಟವರು ಎನ್ನುತ್ತಿದ್ದಳು. ಆವತ್ತು ಓಣಿಯ ತುದಿಯಿಂದ ಜೊಲ್ಲು ಸುರಿಸುತ್ತ ಆ ನಾಯಿ ಬಂದಾಗ ಹೆಂಗಸರೆಲ್ಲ ಹುಚ್ಚನಾಯಿ, ಹುಚ್ಚನಾಯಿ ಎಂದು ಕಿರುಚಿ ಬಾಗಿಲು ಹಾಕಿಕೊಂಡರು. ಮುತ್ತವ್ವ ಕಟ್ಟೆಯ ಮೇಲೆ ನಿಂತು "ನಾಯಿ! ಚೇತೀ, ನಾಯಿ!" ಎಂದಷ್ಟೇ ಕೂಗಿದಳು. ನಾಯಿ ಎಂದರೆ ಚೇತನಾಗೆ ಜೀವ. ಅವಳು ಕೈಯಲ್ಲಿದ್ದ ರೊಟ್ಟಿ ಮುಂದೆ ಚಾಚಿ ಅದರ ಕಡೆಗೇ ಓಡಿದಳು. ಎದುರು ಮನೆಯ ಸುಭಾನಸಾಬ ಹಾರಿ ಬಂದು ಹುಡುಗಿಯನ್ನು ಎತ್ತಿಕೊಳ್ಳದಿದ್ದರೆ ಏನಾಗುತ್ತಿತ್ತೋ. ಆಮೇಲೆ ಎಲ್ಲರೂ ಹುಡುಗಿಗೇ ಬೈದರು. ಬೈಯಿಸಿಕೊಳ್ಳಬೇಕಾದವಳು ಯಾರೆಂದು ಮುತ್ತವ್ವನಿಗೆ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಗಂಡನನ್ನು ಕಾಯಲು ಹೋಗಿ ಮಗಳನ್ನು ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ಆ ವಾರವೆಲ್ಲ ಅವಳಿಗೆ ಅನ್ನ ಸೇರಿರಲಿಲ್ಲ. ಈಗಲೂ ಅದೇ ಆಗುತ್ತಿದೆಯೇ? ಇದು ನಾಯಿಯಲ್ಲ, ಸೀಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ.

ಬೆಂಚಿನ ಇನ್ನೊಂದು ತುದಿಗೆ ಬ್ಯಾಂಕಿನ ಸಾಹೇಬರ ಹೆಂಡತಿ ಕೂತಿದ್ದರು, ತುಮಕೂರಿನ ಕಡೆಯವರು. ಅವರ ಮಗನದು ಆಗಲೇ ಆಗಿತ್ತು, ಸ್ಕೂಟರು ಬರುವುದನ್ನು ಕಾಯುತ್ತಿದ್ದರು. ಮುತ್ತವ್ವ ಅವರತ್ತ ಸರಿದು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಬಾಯಾರ, ಒಂದ ಸ್ವಲ್ಪ ನಮ್ಮ ಹುಡುಗಿಗೆ ಅವರಪ್ಪನ ಹೆಸರ ಹೇಳಿಕೊಡ್ರಿ" ಎಂದಳು.

ಆ ಹೆಂಗಸು ಗಾಬರಿಯಾದರು. "ನಾನಾ? ನನಗೆ ಹೇಗೆ ಗೊತ್ತಿರತ್ತೆ? ಏನು ಅವರ ಹೆಸರು?"

ಇನ್ನೊಬ್ಬರಿಂದ ಹೇಳಿಸಬೇಕಾದರೂ ಮೊದಲು ತಾನು ಹೇಳಬೇಕು. ಈ ಗಂಟು ಇಲ್ಲಿ ಇರುತ್ತದೆಂದು ಮುತ್ತವ್ವ ಎಣಿಸಿರಲಿಲ್ಲ. ಓಣಿಯಲ್ಲಿ ಜನಗಣತಿಯವರು ಬಂದಾಗಲೂ ರೇಷನ್ ಕಾರ್ಡು ಮುಂದೆ ಹಿಡಿದು ಪಾರಾಗಿದ್ದಳು. ಕಾರ್ಡು ಈಗ ಮನೆಯ ಟ್ರಂಕಿನಲ್ಲಿತ್ತು. ಕೊನೆಗೆ ಅಂಗೈ ಚಾಚಿ, ಅದರ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ತೋರಿಸಿದಳು. ಆ ಹೆಂಗಸು ಬಗ್ಗಿ, ಹುಬ್ಬು ಗಂಟಿಕ್ಕಿ, "ಹು... ಚ್ಚೇ... ಶ? ಹುಚ್ಚೇಶನಾ?" ಎಂದು ಫಕ್ಕನೆ ನಕ್ಕರು. ನಕ್ಕಿದ್ದಕ್ಕೆ ತಾವೇ ನಾಚಿ, "ಸಾರಿ ಕಣ್ರೀ, ನಮ್ಮ ಕಡೆ ಹೀಗೆ ಹೆಸರು ಇಡಲ್ಲ, ಅದಕ್ಕೆ" ಅಂದರು. ಅದು ಕಮತಗಿ ಮಠದ ಅಜ್ಜಾರ ಹೆಸರು, ನಮ್ಮ ಸೀಮೆಯಲ್ಲಿ ಆ ಹೆಸರಿನವರು ಓಣಿಗೆ ಇಬ್ಬರಾದರೂ ಇರುತ್ತಾರೆ ಎಂಬ ಉತ್ತರ ಮುತ್ತವ್ವನಿಗೆ ಹೊಳೆದದ್ದು ಬಹಳ ಹೊತ್ತಿನ ಮೇಲೆ. ಆಗ ಹೊಳೆದದ್ದು ಇಷ್ಟೇ: ಒಂಬತ್ತು ವರ್ಷ ಕಾಪಾಡಿದ ಹೆಸರು ಅಂಗೈ ಮೇಲೆ ಬಿದ್ದ ಗಳಿಗೆಯಲ್ಲೇ ಯಾರೋ ನಕ್ಕುಬಿಟ್ಟರು. ಅವಳು ಅಂಗೈಯನ್ನು ಸೀರೆಗೆ ಒರೆಸಿಕೊಂಡಳು.

ಆ ಹೆಂಗಸು ಒಳ್ಳೆಯವರೇ. ಚೇತನಾಳ ಕೆನ್ನೆ ಸವರಿ, "ಪುಟ್ಟೀ, ನಿನ್ನ ಅಪ್ಪನ ಹೆಸರು ಹುಚ್ಚೇಶ. ಹೇಳು ನೋಡೋಣ" ಅಂದರು.

"ಅಲ್ಲ" ಎಂದಳು ಚೇತನಾ.

"ಹೌದು ಪುಟ್ಟಿ. ಹುಚ್ಚೇಶ."

"ನಮ್ಮಪ್ಪ ಹುಚ್ಚ ಅಲ್ಲ!" ಹುಡುಗಿಯ ದನಿ ಪಡಸಾಲೆಯ ಉದ್ದಕ್ಕೂ ಕೇಳಿಸಿತು. ಕಣ್ಣು ತುಂಬಿಕೊಂಡು ತಾಯಿಯ ಸೆರಗು ಜಗ್ಗಿದಳು. "ಯವ್ವಾ, ನೀ ಹೇಳ. ಇವರು ಸುಳ್ಳ ಹೇಳ್ತಾರ. ನೀ ಅಂದ್ರ ನಾ ಅಂತೇನಿ."

ಸ್ಕೂಟರು ಬಂತು. ಆ ಹೆಂಗಸು ಮಗನ ಕೈ ಹಿಡಿದು, "ಆಲ್ ದಿ ಬೆಸ್ಟ್" ಎಂದು ಹೊರಟರು. ಮುತ್ತವ್ವನಿಗೆ ಅರ್ಥವಾಗದಿದ್ದರೂ ತಲೆ ಆಡಿಸಿದಳು. ನೀ ಅಂದ್ರ ನಾ ಅಂತೇನಿ. ಎರಡು ತಿಂಗಳು ಆ್ಯಪಲ್ ಅಂದರೆ ಆ್ಯಪಲ್, ಯೆಲ್ಲೋ ಅಂದರೆ ಯೆಲ್ಲೋ, ತಾನು ಅಂದದ್ದನ್ನೆಲ್ಲ ಈ ಕೂಸು ಹಿಂದೆ ಮುಂದೆ ನೋಡದೆ ಅಂದಿದೆ. ಆ್ಯಪಲ್ ಹಣ್ಣನ್ನು ಅವಳು ಕೈಯಲ್ಲಿ ಹಿಡಿದದ್ದೂ ಇಲ್ಲ. ತನಗೆ ಅರ್ಧ ತಿಳಿಯದ್ದನ್ನೆಲ್ಲ ಧೈರ್ಯವಾಗಿ ಕಲಿಸಿದವಳು, ಪೂರ್ತಿ ತಿಳಿದ ಒಂದನ್ನು ಕಲಿಸಲಾರದೆ ಕೂತಿದ್ದೇನಲ್ಲ ಎಂದು ಅವಳಿಗೆ ನಗುವೂ ಬಂತು, ಅಳುವೂ ಬಂತು. ಒಳಗಿನಿಂದ ಮಲೀಕಸಾಬನ ದನಿ ಒಂದೊಂದೇ ಹೆಸರು ಕರೆಯುತ್ತಿತ್ತು. ಇನ್ನು ಮೂವರು ಉಳಿದಿದ್ದರು. ಆಮೇಲೆ ಇಬ್ಬರು.

ಆಗ ಅವಳಿಗೆ ಒಂದು ದಾರಿ ಕಂಡಿತು. ಹೆಸರು ಹೇಳಲೇಬಾರದು ಎಂದೇನೂ ಇಲ್ಲವಲ್ಲ, ಒಡಪಿನಲ್ಲಿ ಹೇಳಬಹುದು. ಮದುವೆಯ ದಿನ ಹೊಸಿಲ ಮೇಲೆ ನಾದಿನಿಯರು ಅಡ್ಡ ನಿಂತು ಹೆಸರು ಹೇಳಿದರೇ ಒಳಗೆ ಬಿಡುತ್ತೇವೆ ಎಂದು ಕಾಡಿದಾಗ ಹೇಳಿದ್ದಳು. ಚೇತನಾ ಹೊಟ್ಟೆಯಲ್ಲಿದ್ದಾಗ ಕುಪ್ಪಸದ ಕಾರ್ಯದಲ್ಲಿ ಇನ್ನೊಮ್ಮೆ. ಪ್ರಾಸದ ನಡುವೆ ಸಿಕ್ಕಿಸಿ ಹೇಳಿದ ಹೆಸರಿಗೆ ದೋಷವಿಲ್ಲ, ಅದಕ್ಕೆ ನಗುತ್ತಾರೆ, ಸಕ್ಕರೆ ಕೊಡುತ್ತಾರೆ. ಅವಳು ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ಕಿವಿಯಲ್ಲಿ ಅಂದಳು: "ಸೀರಿಗೊಪ್ಪೂದು ದಡಿ ಚಿಕ್ಕಿ ಪರಾಸ, ಹುಚ್ಚೇಶ ಅವರು ನನ್ನ ಮನಸಿನ ಅರಸ." ಅಂದವಳೇ ನಾಚಿಕೊಂಡಳು. ಚೇತನಾಳ ಕಣ್ಣೀರು ಅಲ್ಲೇ ಆರಿತು. "ಇನ್ನೊಮ್ಮೆ ಹೇಳ ಯವ್ವಾ" ಎಂದಳು. ಇನ್ನೊಮ್ಮೆ ಹೇಳಿದಳು. ಅಪ್ಪ ನೇಯುವ ಸೀರೆಯ ಅಂಚು ಚಿಕ್ಕಿ ಪರಾಸದ ಹೆಸರೂ ಅದರಲ್ಲಿದ್ದದ್ದರಿಂದ ಹುಡುಗಿಗೆ ಪೂರಾ ನಂಬಿಕೆ ಬಂತು. ಹೀಗೆ ಹೇಳಿದರೆ ಒಳಗಿನ ಹೆಸರನ್ನು ಅವಳೇ ಆರಿಸಿಕೊಳ್ಳುತ್ತಾಳೆ ಎಂದು ಮುತ್ತವ್ವ ಯಾಕೆ ತಿಳಿದಳೋ, ಆ ಹೊತ್ತಿಗೆ ಹಾಗೆ ತಿಳಿದಳು.

ಕರೆ ಬಂತು. ಒಳಗೆ ಹೋದರು. ಮೇಡಂ ಪ್ರಶ್ನೆ ಕೇಳಿದರು. ಚೇತನಾ ಎರಡೂ ಕೈ ಹಿಂದೆ ಕಟ್ಟಿ, "ಮೈ ಫಾದರ್ಸ್ ನೇಮ್ ಈಸ್" ಎಂದು ಶುರುಮಾಡಿದಳು. ಆಮೇಲೆ ಕೈ ಬಿಚ್ಚಿ, ಇಲ್ಲದ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ತಲೆ ತಗ್ಗಿಸಿ, ತುಟಿಯಂಚಿನಲ್ಲಿ ನಕ್ಕು, ರಾಗವಾಗಿ ಹೇಳಿದಳು: "ಸೀರಿಗೊಪ್ಪೂದು ದಡಿ ಚಿಕ್ಕಿ ಪರಾಸ, ಹುಚ್ಚೇಶ ಅವರು ನನ್ನ ಮನಸಿನ ಅರಸ."

ಮಲೀಕಸಾಬ ಕೈಯಲ್ಲಿದ್ದ ಅರ್ಜಿಯನ್ನು ಮುಖಕ್ಕೆ ಅಡ್ಡ ಹಿಡಿದ, ಕಾಗದ ಅಲುಗಾಡುತ್ತಿತ್ತು. ಮೇಡಂಗೆ ಏನೂ ತಿಳಿಯಲಿಲ್ಲ. ಅವನು ಕಣ್ಣು ಒರೆಸಿಕೊಂಡು ಅವರಿಗೆ ಇಂಗ್ಲಿಷಿನಲ್ಲಿ ವಿವರಿಸತೊಡಗಿದ. ತನ್ನ ಮದುವೆ, ಹೊಸಿಲು, ನಾಚಿಕೆ ಎಲ್ಲ ತನಗೆ ಬಾರದ ಭಾಷೆಯಲ್ಲಿ ಮೇಜಿನ ಈ ಕಡೆಯಿಂದ ಆ ಕಡೆಗೆ ಹೋಗುತ್ತಿರುವುದನ್ನು ಮುತ್ತವ್ವ ನೋಡುತ್ತ ಕೂತಳು. ವೈಫ್ ಎಂಬುದೊಂದು ತಿಳಿಯಿತು. ಅವನು ಹೇಳಿದ್ದು ಸರಿಯೋ, ಒಂದಕ್ಕೆರಡು ಸೇರಿಸಿದನೋ, ಕೇಳುವ ಹಾಗಿಲ್ಲ. ಮೇಡಂ ಮೊದಲು ನಕ್ಕರು, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದರು. ಅವರು ಬೈದಿದ್ದರೆ ಎದ್ದು ಹೋಗಬಹುದಿತ್ತು. ಅವರು ಬೈಯಲಿಲ್ಲ, ಮೆತ್ತಗೆ ಮಾತಾಡಿದರು.

"ಮಗು ಜಾಣೆ ಇದ್ದಾಳೆ. ನೀವು ಹೇಳಿದ್ದನ್ನು ಹಾಗೆಯೇ ಹಿಡಿಯುತ್ತಾಳೆ. ಒಂದೇ ಒಂದು ಸಲ, ನನ್ನ ಮುಂದೆ, ಬರೀ ಹೆಸರನ್ನು ಹೇಳಿಕೊಡಿ. ಇಂಗ್ಲಿಷಿನಲ್ಲೇ ಹೇಳಿ, ಆಗ ಅದು ನೀವು ಹೇಳಿದ ಹಾಗೆ ಆಗುವುದಿಲ್ಲ."

ಆಗುವುದಿಲ್ಲವೇ? ಮುತ್ತವ್ವ ಮಗಳನ್ನು ನೋಡಿದಳು. ಮಗಳು ಅವಳ ಬಾಯಿಯನ್ನೇ ನೋಡುತ್ತಿದ್ದಳು. "ಮೈ ಫಾದರ್ಸ್ ನೇಮ್ ಈಸ್" ಎಂದಳು ಮುತ್ತವ್ವ. ಚುಕ್ಕಿಗಳು ಬಂದವು. ಗದ್ದ ಏಳುತ್ತಿತ್ತು, ಅದನ್ನು ಕೈಯಿಂದ ಒತ್ತಿ ಹಿಡಿದಳು. "ಹುಚ್ಚೇಶ್."

ಹೆಸರಿನ ಮುಂದೆ "ಅವರು" ಎಂದು ಸೇರಿಸಲು ಇಂಗ್ಲಿಷಿನಲ್ಲಿ ಜಾಗವಿರಲಿಲ್ಲ. ಚೇತನಾ ಕೂಡಲೇ ಅದನ್ನು ಎತ್ತಿಕೊಂಡು ಒಪ್ಪಿಸಿದಳು, ಮೇಡಂ ಗುಡ್ ಗರ್ಲ್ ಅಂದರು, ಮಲೀಕಸಾಬ ಅರ್ಜಿಯ ಮೇಲೆ ಸಿಕ್ಕೆ ಒತ್ತಿ ಸೋಮವಾರ ಬರಲು ಹೇಳಿದ. ಫ್ಯಾನು ತಿರುಗುತ್ತಲೇ ಇತ್ತು. ಏನೂ ಆಗಲಿಲ್ಲ. ಏನೂ ಆಗದ್ದೇ ಮುತ್ತವ್ವನಿಗೆ ಕಸಿವಿಸಿಯಾಯಿತು. ಒಂಬತ್ತು ವರ್ಷ ತಡೆದದ್ದು ಇಷ್ಟಕ್ಕೇ ಏನು? ಅಥವಾ ಆಗುವುದು ಇನ್ನು ಮೇಲೆ ಆಗುತ್ತದೆಯೇ? ಮೈ ಫಾದರ್ ಎಂದರೆ ನನ್ನ ಅಪ್ಪ. ಹಾಗಾದರೆ ಈಗ ತಾನು ಗಂಡನನ್ನು ಅಪ್ಪ ಅಂದಹಾಗಾಯಿತೋ? ಅಂದವಳು ತಾನೋ, ಮಗಳ ಪರವಾಗಿ ಅಂದದ್ದೋ, ಇಂಗ್ಲಿಷ್ ತಾನೇ ಅಂದುಕೊಂಡದ್ದೋ? ಪಡಸಾಲೆ ದಾಟುವಾಗ ಆ ಹೆಸರನ್ನು ಮೊದಲಿನಂತೆ ಮನಸ್ಸಿನಲ್ಲೇ ಅಂದುಕೊಂಡು ನೋಡಿದಳು. ಅದು ಕೊನೆಯ ಸ್ವರ ಕಡಿದುಕೊಂಡು, ಹುಚ್ಚೇಶ್ ಎಂದು, ಮೇಡಂ ಮುಂದೆ ಬಂದ ಹಾಗೆ ಬಂತು. ಇನ್ನೊಮ್ಮೆ ಅಂದಳು. ಹಾಗೆಯೇ ಬಂತು. ಸೀಟು ಸಿಕ್ಕಿತು, ಕುಣಿದಾಡಬೇಕು, ಆದರೆ ಅವಳಿಗೆ ಏನನ್ನೋ ಮರೆತು ಬಂದ ಹಾಗೆ ಆಗಿ ಎರಡು ಸಲ ಹಿಂದಿರುಗಿ ನೋಡಿದಳು. ಬೆಂಚಿನ ಮೇಲೆ ಏನೂ ಇರಲಿಲ್ಲ.

ಗೇಟಿನ ಹೊರಗೆ ಅವನು ಸೈಕಲ್ಲು ಹಿಡಿದು ನಿಂತಿದ್ದ. ಸೀರೆ ಇಳಿಸಿ ಸಾಹುಕಾರನ ಅಂಗಡಿಗೆ ಮುಟ್ಟಿಸಿ ನೇರ ಬಂದಿರಬೇಕು, ಮೀಸೆಯ ಮೇಲೆ ನೂಲಿನ ಧೂಳು ಹಾಗೇ ಇತ್ತು. ಒಳಗೆ ಬರಲು ನಾಚಿಕೆಪಟ್ಟು ಬೇವಿನ ನೆರಳಿಗೆ ನಿಂತಿದ್ದ. ಅವನನ್ನು ಕಂಡದ್ದೇ ಮುತ್ತವ್ವ ಕಳ್ಳತನ ಮಾಡಿ ಸಿಕ್ಕವಳಂತೆ ಹೆಜ್ಜೆ ಸಣ್ಣ ಮಾಡಿದಳು. ಚೇತನಾ ಓಡಿದಳು.

"ಯಪ್ಪಾ! ಮೈ ಫಾದರ್ಸ್ ನೇಮ್ ಈಸ್ ಹುಚ್ಚೇಶ್!"

ಅವನು ಯಾರೋ ಹಿಂದಿನಿಂದ ಕರೆದಹಾಗೆ ಅತ್ತಿತ್ತ ನೋಡಿದ. ಆಮೇಲೆ ಅವನ ಮುಖವೆಲ್ಲ ನಗುವಾಯಿತು. ಅಷ್ಟು ಅಗಲ ನಕ್ಕದ್ದನ್ನು ಮುತ್ತವ್ವ ನೋಡಿಯೇ ಇರಲಿಲ್ಲ. "ಏನಂದಿ? ಇನ್ನೊಮ್ಮೆ ಅನ್ನ" ಎಂದ. ಮಗಳು ಅಂದಳು. ಮತ್ತೆ ಅನ್ನಿಸಿದ. ಮತ್ತೆ ಅಂದಳು. ಅವಳನ್ನು ಎತ್ತಿ ಸೈಕಲ್ಲಿನ ಸೀಟಿನ ಮೇಲೆ ಕೂರಿಸಿ, "ನನ್ನ ಹೆಸರ ಯಾರ ಕಲಿಸಿದ್ರು ನಿನಗ?" ಎಂದು ಕೇಳಿದ.

"ಅವ್ವ."

"ಹೋಗ! ನಿಮ್ಮವ್ವ ನನ್ನ ಹೆಸರ ಅಂತಾಳ? ಸುಳ್ಳ ಹೇಳಬಾರದವಾ." ಅವನು ನಗುತ್ತಲೇ ಹೆಂಡತಿಯತ್ತ ನೋಡಿದ. ಆ ನೋಟದಲ್ಲಿ ಒಂದು ಆಸೆ ಇತ್ತೋ, ಒಂದು ಅಂಜಿಕೆ ಇತ್ತೋ, ಎರಡೂ ಇದ್ದವೋ. ಹೌದು ಎಂದರೆ ಅವನಿಗೆ ಏನು ಕೊಟ್ಟಂತಾಗುತ್ತದೆ, ಏನು ಕಸಿದುಕೊಂಡಂತಾಗುತ್ತದೆ ಎಂದು ಅವಳಿಗೆ ಬಗೆಹರಿಯಲಿಲ್ಲ. ಬಗೆಹರಿಯುವಷ್ಟು ಹೊತ್ತು ಅವನು ಹಾಗೆ ನೋಡುತ್ತ ನಿಲ್ಲಲಾರನೆಂದು ಮಾತ್ರ ಗೊತ್ತಿತ್ತು.

"ಸಾಲ್ಯಾಗ ಕಲಿಸಿದ್ರು" ಎಂದಳು ಮುತ್ತವ್ವ.

"ಒಂದ ತಾಸಿನ್ಯಾಗ? ಭಾಳ ಚಲೋ ಸಾಲಿ ಬಿಡ ಹಂಗಾರ" ಎಂದ ಅವನು ಶಾಲೆಯ ಕಟ್ಟಡವನ್ನು ಮೆಚ್ಚಿಕೊಂಡು ನೋಡುತ್ತ.

ಸೈಕಲ್ಲಿನ ಮೇಲಿನಿಂದ ಚೇತನಾ ಅವ್ವನ ಬಾಯಿಯನ್ನೇ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿ ಕ್ಷಣ ಹೊತ್ತು ಏನೋ ಲೆಕ್ಕ ಹಾಕಿದಳು. ಆಮೇಲೆ ಅಪ್ಪನ ಕಡೆ ತಿರುಗಿ, ಕೈ ಹಿಂದೆ ಕಟ್ಟಿ, "ಹೂಂ ಯಪ್ಪಾ. ಸಾಲ್ಯಾಗ ಕಲಿಸಿದ್ರು" ಎಂದು ಒಂದಕ್ಷರವೂ ತಪ್ಪದೆ ಒಪ್ಪಿಸಿದಳು.